ಯಾವ ಇಸವಿಯ ವಿಮಾನ?

ಕಳೆದ ಬೇಸಿಗೆಯ ರಜೆಯಲ್ಲಿ ನಾನು ಅಮೆರಿಕೆಗೆ ಹೊರಟಾಗ ನನ್ನ ಅಕ್ಕ ತನ್ನ ಮಗನಿಗೆಂದು ಮೂರು ವಸ್ತುಗಳನ್ನು ನನ್ನ ವಶಕ್ಕೆ ಒಪ್ಪಿಸಿದಳು: ಒಂದು ಡಬ್ಬಿ ಚಟ್ನಿಪುಡಿ, ಒಂದು ಡಬ್ಬಿ ಕೊಬ್ಬರಿ ಮಿಠಾಯಿ, ಒಂದು ಮಾತು. ಡಬ್ಬಿಗಳೆರಡೂ ಸುಂಕದ ಕಟ್ಟೆಯನ್ನು ದಾಟಿ ಅವನ ಮನೆಯನ್ನು ಸೇರಿದವು. ಮಾತು ಮಾತ್ರ ಬಹುಕಾಲ ನನ್ನ ಬಾಯಲ್ಲಿಯೇ ಉಳಿಯಿತು. "ಅವನು ಯಾವುದೋ ಹಳೆಯ ವಿಮಾನ ಕೊಳ್ಳುತ್ತಾನಂತೆ ಕಣೋ. ನಾನು ಹೇಳಿದರೆ ನಗುತ್ತಾನೆ. ನೀನು ಹೇಳಿದರೆ ಕೇಳಿಯಾನು. ಬೇಡ ಅಂತ ಹೇಳು."

ಅಕ್ಕನ ಅಂಜಿಕೆಗೆ ಕಾರಣವಿಲ್ಲದಿರಲಿಲ್ಲ. 1996ರಲ್ಲಿ ಭಾವನವರು ಒಂದು ಹಳೆಯ ಸ್ಕೂಟರನ್ನು ಕೊಂಡರು. "ಈ ಇಸವಿಯ ಗಾಡಿ ಈಗ ಹುಡುಕಿದರೂ ಸಿಕ್ಕದು ಸ್ವಾಮಿ, ಆಗಿನ ಕಬ್ಬಿಣವೇ ಬೇರೆ" ಎಂದು ಮಾರಿದವನು ಹೇಳಿದ್ದ. ಇಸವಿ ನಿಜವೇ. ಆ ಇಸವಿಯಿಂದ ಈಚೆಗೆ ಬ್ರೇಕಿನ ತಂತಿಯನ್ನು ಯಾರೂ ಮುಟ್ಟಿರಲಿಲ್ಲವೆಂಬುದೂ ನಿಜವಾಗಿತ್ತು. ಭಾವನವರು ಇಂದಿಗೂ ಎಡಗಾಲನ್ನು ಕೊಂಚ ಎಳೆದೇ ನಡೆಯುತ್ತಾರೆ. ಅಂದಿನಿಂದ ನಮ್ಮ ಅಕ್ಕನ ಮನೆಯಲ್ಲಿ ಹಳೆಯದೆಂಬ ಹೆಸರಿನ ಯಾವ ಯಂತ್ರಕ್ಕೂ ಪ್ರವೇಶವಿಲ್ಲ. ಹೊಲಿಗೆಯ ಯಂತ್ರಕ್ಕೆ ಸಹ.

ನನ್ನ ಸೋದರಳಿಯ ಇರುವುದು ಕ್ಯಾನ್ಸಸ್ ಸಂಸ್ಥಾನದ ವಿಚಿಟಾ ನಗರದಲ್ಲಿ. ಎತ್ತ ನೋಡಿದರೂ ಗೋದಿಯ ಹೊಲ, ಅದರ ಮೇಲೆ ಅಡ್ಡಿಯೇ ಇಲ್ಲದ ಆಕಾಶ. ಇಂಥ ಕಡೆ ಮನುಷ್ಯನಿಗೆ ಹಾರಬೇಕೆನಿಸಿದರೆ ಆಶ್ಚರ್ಯವಿಲ್ಲ. 1911ರಲ್ಲಿ ತಾನಾಗಿಯೇ ಹಾರಲು ಕಲಿತ ಕ್ಲೈಡ್ ಸೆಸ್ನಾ ಎಂಬಾತ 1927ರಲ್ಲಿ ತನ್ನ ಹೆಸರಿನ ಕಾರ್ಖಾನೆಯನ್ನು ಕಟ್ಟಿದ್ದು ಈ ಊರಿನಲ್ಲಿ. ಬೀಚ್, ಸ್ಟಿಯರ್ಮನ್ ಮೊದಲಾದವರ ಕಾರ್ಖಾನೆಗಳೂ ಇಲ್ಲಿಯೇ ಬೆಳೆದುವು. ನಮ್ಮ ಹುಡುಗನೂ ವಿಮಾನದ ಬಿಡಿಭಾಗಗಳ ನಕ್ಷೆ ಬರೆಯುವ ಕೆಲಸದಲ್ಲಿದ್ದಾನೆ. ಅಲ್ಲಿಯ ಕಾನೂನಿನಂತೆ ಸ್ವಂತಕ್ಕೆ ಹಾರುವ ಪರವಾನಗಿಗೆ ಕನಿಷ್ಠ 40 ಗಂಟೆಗಳ ಹಾರಾಟ ಬೇಕು. ಅದನ್ನು ಅವನು ಮುಗಿಸಿದ್ದ. ಇತರರಿಗೆ ಕಲಿಸುವ ಗುರುವಾಗಬೇಕೆಂಬುದು ಅವನ ಆಸೆ. ಆ ದಾರಿಯಲ್ಲಿ ಮೊದಲು ವೃತ್ತಿಯ ಪರವಾನಗಿ ಬೇಕು. ಅದಕ್ಕೆ ಸಾಮಾನ್ಯವಾಗಿ 250 ಗಂಟೆ. ಬಾಡಿಗೆಯ ವಿಮಾನದಲ್ಲಿ ಅಷ್ಟು ಗಂಟೆ ಹಾರಿದರೆ ಕೂಡಿಟ್ಟ ಹಣವೆಲ್ಲ ಹೊಗೆಯಾಗಿ ಹೋದೀತೆಂದು, ಅವನೂ ಅವನ ಸಹೋದ್ಯೋಗಿಯೊಬ್ಬನೂ ಸೇರಿ ಒಂದು ಹಳೆಯ ತರಬೇತಿ ವಿಮಾನವನ್ನು ಕೊಂಡು, ಕೆಲಸ ಮುಗಿದ ಮೇಲೆ ಮಾರುವ ಯೋಚನೆ ಮಾಡಿದ್ದರು.

ನಾನು ಹೋದ ರಾತ್ರಿಯೇ ಊಟದ ಮೇಜಿನ ಮೇಲೆ ಕಾಗದಗಳನ್ನು ಹರಡಿಕೊಂಡು ಕುಳಿತ. ಮಾರಾಟಕ್ಕಿದ್ದ ವಿಮಾನಗಳ ಪಟ್ಟಿ ಅದು. 1966, 1969, 1975, 1979: ನೋಡಿದರೆ ಒಂದೂ ಅವನಿಗಿಂತ ಕಿರಿಯದಲ್ಲ. ಕೆಲವು ನನಗಿಂತಲೂ ಹಿರಿಯವು.

"ಇಷ್ಟು ಹಳೆಯದೇಕಪ್ಪ? ಸ್ವಲ್ಪ ಈಚಿನದು ಸಿಕ್ಕುವುದಿಲ್ಲವೆ?" ಎಂದೆ.

"ಈಚಿನದು ಹುಟ್ಟಿಯೇ ಇಲ್ಲ ಮಾಮ" ಎಂದ.

ವಿಷಯ ಹೀಗೆ. ಎರಡು ಆಸನದ ಸೆಸ್ನಾ 150 ಎಂಬ ವಿಮಾನ ಮೊದಲು ಹಾರಿದ್ದು 1957ರ ಸೆಪ್ಟೆಂಬರ್ 12ರಂದು. 1977ರವರೆಗೆ ಅದು ಇಪ್ಪತ್ಮೂರು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ಅದರ ತಮ್ಮ 152, 1985ರವರೆಗೆ ಏಳೂವರೆ ಸಾವಿರದಷ್ಟು. ಅಷ್ಟರಲ್ಲಿ ಅಪಘಾತಗಳ ಪರಿಹಾರಕ್ಕೆಂದು ತಯಾರಕರ ಮೇಲೆ ಹೂಡುವ ದಾವೆಗಳು ಮಿತಿಮೀರಿದುವು. ಮೂವತ್ತು ವರ್ಷದ ಹಿಂದೆ ಮಾರಿದ ವಿಮಾನ ಬಿದ್ದರೂ ಮಾಡಿದವನೇ ಹೊಣೆ. 1986ರಲ್ಲಿ ಸೆಸ್ನಾ ಕಂಪೆನಿ ಸಣ್ಣ ಪಿಸ್ಟನ್ ವಿಮಾನಗಳನ್ನು ಮಾಡುವುದನ್ನೇ ನಿಲ್ಲಿಸಿಬಿಟ್ಟಿತು. ಹದಿನೆಂಟು ವರ್ಷ ದಾಟಿದ ಸಣ್ಣ ವಿಮಾನಕ್ಕೆ ತಯಾರಕ ಹೊಣೆಯಲ್ಲವೆಂದು 1994ರಲ್ಲಿ ಶಾಸನವಾದ ಮೇಲೆ, ನಾಲ್ಕು ಆಸನದ 172 ಮತ್ತು ಅದರ ಕೆಲವು ಸೋದರರು 1996ರಿಂದೀಚೆಗೆ ಮರುಹುಟ್ಟು ಪಡೆದರು. ಎರಡು ಆಸನದವು ಮರಳಲಿಲ್ಲ. ಅವುಗಳ ಸ್ಥಾನದಲ್ಲಿ ನಿಲ್ಲಿಸಲು ಮಾಡಿದ 162 ಎಂಬುದು 2009ರಲ್ಲಿ ಕೊಳ್ಳುವವರ ಕೈಸೇರತೊಡಗಿ 2013ರಲ್ಲಿ ನಿಂತುಹೋಯಿತು. ಹೀಗಾಗಿ ಅಲ್ಪ ಹಣದಲ್ಲಿ ಹಾರಲು ಕಲಿಯುವವನು ತನ್ನ ಅಪ್ಪನ ಕಾಲದ ವಿಮಾನವನ್ನೇ ಆಶ್ರಯಿಸಬೇಕಾಗಿದೆ. ಹೊಸದೋ ಹಳೆಯದೋ ಎಂಬ ಪ್ರಶ್ನೆ ಅಲ್ಲಿಲ್ಲ. ಯಾವ ಹಳೆಯದು ಎಂಬುದೊಂದೇ.

ಇಷ್ಟು ಕೇಳಿದ ಮೇಲೆ ಅಕ್ಕನ ಮಾತನ್ನು ಆ ರಾತ್ರಿಗೆ ಆಡದೆ ಇಟ್ಟುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಕುತೂಹಲ ಹುಟ್ಟಿತ್ತು. ಇಪ್ಪತ್ತು ವರ್ಷದಿಂದ ತರಗತಿಯಲ್ಲಿ ಓಲೆಗರಿ, ಪಾಠಾಂತರ, ಪ್ರಕ್ಷಿಪ್ತ ಎಂದು ಹೇಳಿಕೊಂಡು ಬಂದವನಿಗೆ, ಒಂದೇ ಮೂಲದಿಂದ ವರ್ಷವರ್ಷಕ್ಕೂ ಒಂದೊಂದು ಪ್ರತಿ ಹೊರಟಿದೆ, ಪ್ರತಿಯೊಂದರಲ್ಲೂ ಏನೋ ಒಂದು ತಿದ್ದಿದೆ ಎಂದರೆ ಸುಮ್ಮನಿರುವುದು ಕಷ್ಟ.

ಈ ತಿದ್ದುಪಡಿಗಳ ಕಥೆಯೇ ಒಂದು ರಸಪ್ರಸಂಗ. ಮೊದಲ 150ಗಳಲ್ಲಿ ಬಾಲ ನೆಟ್ಟಗೆ ಗೂಟ ಹೊಡೆದಂತೆ ನಿಂತಿರುತ್ತದೆ, ಹಿಂದೆ ಕಿಟಕಿಯಿಲ್ಲ. 1964ರ ಮಾದರಿಯಲ್ಲಿ ಬೆನ್ನನ್ನು ಇಳಿಸಿ ಹಿಂಭಾಗಕ್ಕೂ ಗಾಜು ಕೂರಿಸಿದರು. 1966ರಲ್ಲಿ ಬಾಲ ಹಿಂದಕ್ಕೆ ಓರೆಯಾಯಿತು. ಓರೆಯ ಬಾಲದಿಂದ ಈ ಮೆಲ್ಲನೆಯ ವಿಮಾನಕ್ಕೆ ಯಾವ ಲಾಭವೂ ಇಲ್ಲವಂತೆ. ಅದು ಆ ಕಾಲದ ಜೆಟ್ ವಿಮಾನಗಳ ಶೋಕಿ. ಅದೇ ವರ್ಷ ಬಾಗಿಲು ಅಗಲವಾಯಿತು. ಮರುವರ್ಷ ಬಾಗಿಲನ್ನೇ ಹೊರಕ್ಕೆ ಬಾಗಿಸಿ ಮೊಣಕೈಗೆ ಜಾಗ ಮಾಡಿಕೊಟ್ಟರು. ನನ್ನ ಗಾತ್ರದವರು 1967ರ ಆ ಅನಾಮಧೇಯ ಎಂಜಿನಿಯರಿಗೆ ಕೃತಜ್ಞರಾಗಿರಬೇಕು. 1971ರಲ್ಲಿ ಚಪ್ಪಟೆ ಉಕ್ಕಿನ ಕಾಲುಗಳು ಹೋಗಿ ಕೊಳವೆಯಾಕಾರದ ಕಾಲುಗಳು ಬಂದವು. 1975ರಲ್ಲಿ ಬಾಲವೂ ಚುಕ್ಕಾಣಿಯೂ ದೊಡ್ಡದಾದವು.

ತಿದ್ದಿದ್ದೆಲ್ಲ ಲಾಭವೇ ಎಂದು ಹೇಳಲಾಗದು. ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಬಾಗಿ ವಿಮಾನವನ್ನು ನಿಧಾನಿಸುವ ಫ್ಲ್ಯಾಪುಗಳಿವೆಯಷ್ಟೆ. 1965ರವರೆಗೆ ಅವನ್ನು ಆಸನದ ಮಗ್ಗುಲಿನ ಸನ್ನೆಯೊಂದನ್ನು ಕೈಯಿಂದ ಎಳೆದು ಇಳಿಸುತ್ತಿದ್ದರು. ಬಿಟ್ಟರೆ ಕ್ಷಣದಲ್ಲಿ ಮೇಲಕ್ಕೆ. ಕೆಡುವುದಕ್ಕೆ ಅದರಲ್ಲಿ ಏನೂ ಇಲ್ಲ. 1966ರಲ್ಲಿ ವಿದ್ಯುತ್ತಿನ ಮೋಟಾರು ಬಂದಿತು. ಗುಂಡಿ ಒತ್ತಿದರಾಯಿತು, ಆದರೆ ಅದು ನಿಧಾನವಾಗಿ ತನ್ನ ಗತಿಯಲ್ಲಿ ಚಲಿಸುತ್ತದೆ. 150ರ ಫ್ಲ್ಯಾಪು 40 ಅಂಶದವರೆಗೆ ಬಾಗುತ್ತದೆ. ಸಣ್ಣ ಬಯಲಿನಲ್ಲಿ ಇಳಿಯುವವನಿಗೆ ಅದು ವರ. ಆದರೆ ಇಳಿಯುವುದು ಸರಿಹೋಗದೆ ಮತ್ತೆ ಮೇಲೇರಬೇಕೆಂದಾಗ, ಪೂರ್ತಿ ಬಾಗಿದ ಆ ಹಲಗೆಗಳನ್ನು ಹೊತ್ತು ನೂರು ಅಶ್ವಶಕ್ತಿಯ ಎಂಜಿನು ಏದುಸಿರು ಬಿಡುತ್ತದೆ. ಗಾಬರಿಯಾದ ಶಿಷ್ಯನಿಗೆ ಅದೇ ಸಂಕಟ. 1978ರ ಮಾದರಿಯಾಗಿ 152 ಬಂದಾಗ 30 ಅಂಶಕ್ಕೇ ತಡೆ ಹಾಕಿದರು. ನನ್ನ ಅಳಿಯನ ಗುರುಗಳು, ಅರವತ್ತು ದಾಟಿದ ಒಬ್ಬ ಹೆಂಗಸು, ಇದನ್ನು ಒಪ್ಪುವುದಿಲ್ಲ. "ಹರಿತವಾದ ಕತ್ತಿಯನ್ನು ಮೊಂಡು ಮಾಡಿಕೊಟ್ಟರೆ ಹಿಡಿಯುವುದನ್ನು ಕಲಿಸಿದಂತಾಯಿತೆ?" ಎಂಬ ಅರ್ಥದ ಮಾತನ್ನು ಆಕೆ ಆಡಿದರು. ನನಗೆ ಮೊಂಡು ಕತ್ತಿಯೇ ಇರಲಿ ಎನಿಸಿತು. ಹಾರುವವನು ನಮ್ಮ ಹುಡುಗನಲ್ಲವೆ?

152 ಹುಟ್ಟಿದ್ದಕ್ಕೆ ಇನ್ನೊಂದು ಕಾರಣ ಎಣ್ಣೆಯದು. 150ರ ಕಾಂಟಿನೆಂಟಲ್ ಎಂಜಿನು 80ರ ದರ್ಜೆಯ ಪೆಟ್ರೋಲಿಗೆಂದು ಮಾಡಿದ್ದು. ಎಪ್ಪತ್ತರ ದಶಕದಲ್ಲಿ ಆ ದರ್ಜೆ ಅಪರೂಪವಾಗಿ, ಅದರ ನಾಲ್ಕು ಪಟ್ಟು ಸೀಸ ಇರಬಹುದಾದ 100ರ ದರ್ಜೆ ಎಲ್ಲೆಡೆ ಬಂದಿತು. ಸೀಸ ಸ್ಪಾರ್ಕ್ ಪ್ಲಗ್ಗಿನಲ್ಲಿ ಸಾಸಿವೆಯ ಕಾಳಿನಂತೆ ಗಟ್ಟಿಕಟ್ಟುತ್ತದೆ. ಅದನ್ನು ತಾಳಿಕೊಳ್ಳಲೆಂದು 152ಕ್ಕೆ 110 ಅಶ್ವಶಕ್ತಿಯ ಲೈಕಾಮಿಂಗ್ ಎಂಜಿನನ್ನು ಇಟ್ಟರು. ಹಾಗಾದರೆ 152ನ್ನೇ ಏಕೆ ಕೊಳ್ಳಬಾರದು? ಬೆಲೆ. ಎಲ್ಲ ಶಾಲೆಗಳಿಗೂ ಅದೇ ಬೇಕು. ನಾಲ್ಕು ಆಸನದ 172 ಇನ್ನೂ ಮೇಲಿನ ಮಾತು. ಅದರಲ್ಲಿಯೂ 1977ರಿಂದ 1980ರವರೆಗಿನ ಮಾದರಿಗಳ ಎಂಜಿನಿನಲ್ಲಿ ಕ್ಯಾಮ್‌ಶಾಫ್ಟಿನ ಸವೆತದ ಕುಖ್ಯಾತಿ ಇದ್ದು, 1981ರಲ್ಲಿ ಎಂಜಿನನ್ನೇ ಬದಲಾಯಿಸಿದರು. ಒಂದೇ ವರ್ಷ ಆಚೆ ಈಚೆಯಾದರೆ ಒಳಗಿನ ಹೃದಯವೇ ಬೇರೆ!

ಎಂಜಿನಿನ ಮಾತು ಬಂದುದರಿಂದ ಒಂದು ಸಣ್ಣ ನಂಟನ್ನು ಹೇಳಿಬಿಡುತ್ತೇನೆ. 150 ಹಾರಿದ ಮರುವರ್ಷ, 1958ರ ಸೆಪ್ಟೆಂಬರ್ 28ರಂದು, ನಮ್ಮ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯ 'ಪುಷ್ಪಕ' ಮೊದಲು ಹಾರಿತು. ದೇಶದ ಫ್ಲೈಯಿಂಗ್ ಕ್ಲಬ್ಬುಗಳ ಶಿಷ್ಯರಿಗೆಂದು ಮಾಡಿದ, ಎರಡು ಆಸನದ, ಬಟ್ಟೆ ಹೊದಿಸಿದ ವಿಮಾನ. ಅದರ ಎಂಜಿನೂ ಕಾಂಟಿನೆಂಟಲ್, 90 ಅಶ್ವಶಕ್ತಿಯದು. 150ರ ಎಂಜಿನು ಅದೇ ವಂಶದ ಮುಂದಿನ ಕುಡಿ. ಹೀಗೆಂದು ಅಳಿಯನಿಗೆ ಹೇಳಿದಾಗ, "ಹಾಗಾದರೆ ದಾಯಾದಿಗಳು" ಎಂದು ನಕ್ಕ.

ಮೊದಲು ನೋಡಿದ್ದು 1966ರ ಒಂದು ವಿಮಾನವನ್ನು. ಎರಡು ಗಂಟೆ ಕಾರಿನಲ್ಲಿ ಹೋಗಿ, ಹೊಲಗಳ ನಡುವಣ ಒಂದು ತಗಡಿನ ಹ್ಯಾಂಗರಿನ ಬಾಗಿಲನ್ನು ಸರಿಸಿದಾಗ, ಕೆಂಪು ಬಿಳಿ ಬಣ್ಣದಲ್ಲಿ ಮದುವಣಗಿತ್ತಿಯಂತೆ ನಿಂತಿತ್ತು. ಹುಡುಗನ ಮುಖವನ್ನು ನೋಡಿ ನನಗೆ ಭಯವಾಯಿತು. ಅವನಾಗಲೇ ಮನಸ್ಸಿನಲ್ಲಿ ಕೊಂಡಾಗಿತ್ತು. ಅವನು ಬಣ್ಣವನ್ನು ಸವರುತ್ತಿದ್ದಾಗ ನಾನು ಮೇಜಿನ ಮೇಲಿದ್ದ ಲಾಗ್ ಪುಸ್ತಕಗಳನ್ನು ತೆರೆದೆ. ಯಂತ್ರದ ವಿಷಯ ನನಗೆ ತಿಳಿಯದು. ಕೈಬರಹದ ಪುಸ್ತಕ ನನ್ನ ಕಸುಬು.

ಇಂಥ ಪುಸ್ತಕದಲ್ಲಿ ವಿಮಾನಕ್ಕೆ ಆದ ಪ್ರತಿಯೊಂದು ಕೆಲಸವನ್ನೂ ಮೆಕ್ಯಾನಿಕ್ಕು ದಿನಾಂಕ ಹಾಕಿ, ಅಂದಿಗೆ ಎಷ್ಟು ಗಂಟೆ ಹಾರಿದೆ ಎಂಬುದನ್ನು ಬರೆದು, ರುಜು ಮಾಡತಕ್ಕದ್ದು. ಹನ್ನೆರಡು ತಿಂಗಳಿಗೊಮ್ಮೆ ವಾರ್ಷಿಕ ತಪಾಸಣೆ ಕಡ್ಡಾಯ. ಎರಡನೆಯ ಪುಸ್ತಕ 1988ಕ್ಕೆ ಮುಗಿದಿತ್ತು. ಮೂರನೆಯದು 1994ಕ್ಕೆ ಆರಂಭ.

"ಆರು ವರ್ಷ ಹಾರದೆ ನಿಂತಿತ್ತಂತೆ ಮಾಮ. ಒಳ್ಳೆಯದೇ ಆಯಿತು, ಸವೆದಿರುವುದಿಲ್ಲ" ಎಂದ ಅಳಿಯ.

ನಾನು ಗಂಟೆಗಳ ಅಂಕಣವನ್ನು ನೋಡಿದೆ. 1988ರ ಕೊನೆಯ ಬರಹದಲ್ಲಿ 3,212. 1994ರ ಮೊದಲ ಬರಹದಲ್ಲಿ 3,560. ನಿಂತ ವಿಮಾನ 348 ಗಂಟೆ ಹಾರುವುದು ಹೇಗೆ? ನಡುವೆ ಒಂದು ಪುಸ್ತಕವೇ ಲುಪ್ತವಾಗಿದೆ. 1994ರ ಆ ಮೊದಲ ಬರಹವಾದರೂ ಏನು? 'ಹೊಸ ಪ್ರೊಪೆಲ್ಲರ್ ಅಳವಡಿಸಲಾಗಿದೆ.' ಹಳೆಯದಕ್ಕೆ ಏನಾಯಿತೆಂಬ ಮಾತಿಲ್ಲ. ಓಡುವ ಪ್ರೊಪೆಲ್ಲರ್ ನೆಲಕ್ಕೆ ಬಡಿದರೆ ಆ ಆಘಾತ ಎಂಜಿನಿನ ಒಳದಂಡದವರೆಗೂ ಹೋಗುತ್ತದೆಂದೂ, ಆಗ ಎಂಜಿನನ್ನು ಬಿಚ್ಚಿಯೇ ನೋಡಬೇಕೆಂದೂ ಹುಡುಗನೇ ನನಗೆ ಹಿಂದಿನ ದಿನ ಹೇಳಿದ್ದ. ಬಿಚ್ಚಿದ್ದಕ್ಕೆ ಬರಹವಿಲ್ಲ. ಆಮೇಲೆ ಎಡರೆಕ್ಕೆಯ ಕೆಳಗೆ ಬಗ್ಗಿ ನೋಡಿದರೆ, ಒಂದು ಮೊಳದಷ್ಟು ಜಾಗದಲ್ಲಿ ರಿವೆಟ್ಟುಗಳ ತಲೆ ಬೇರೆ ಜಾತಿಯದು. ಲಿಪಿಕಾರ ಬದಲಾದದ್ದು ಅಕ್ಷರದ ತಿರುವಿನಲ್ಲಿ ಗೊತ್ತಾಗುತ್ತದಲ್ಲ, ಹಾಗೆ.

ಮಾರುವವನು ಒಳ್ಳೆಯವನಂತೆಯೇ ಕಂಡ. ತಾನು ಕೊಂಡಾಗಲೇ ಹೀಗಿತ್ತೆಂದ. ಬೆಲೆಯನ್ನು ಸಾಕಷ್ಟು ಇಳಿಸುವೆನೆಂದೂ ಹೇಳಿದ. ಅಲ್ಲಿ ದೊಡ್ಡ ದುರಸ್ತಿಯಾದರೆ 337 ಎಂಬ ನಮೂನೆಯಲ್ಲಿ ಬರೆದು ಸರಕಾರಕ್ಕೆ ಕಳಿಸಬೇಕು. ಅದರ ಪ್ರತಿ ಓಕ್ಲಹೋಮಾ ನಗರದ ಕಚೇರಿಯಲ್ಲಿರುತ್ತದೆ. ಯಾರು ಬೇಕಾದರೂ ಅಲ್ಪ ಶುಲ್ಕ ಕೊಟ್ಟು ತರಿಸಿಕೊಳ್ಳಬಹುದು. ತರಿಸಿದೆವು. ರೆಕ್ಕೆಯ ದುರಸ್ತಿಯ ನಮೂನೆ ಅದರಲ್ಲಿ ಇರಲಿಲ್ಲ.

ಆ ರಾತ್ರಿ ಹುಡುಗ ಊಟ ಸರಿಯಾಗಿ ಮಾಡಲಿಲ್ಲ. "ಮೂವತ್ತು ವರ್ಷದಿಂದ ಹಾರುತ್ತಲೇ ಇದೆ ಮಾಮ, ಬೀಳುವುದಿದ್ದರೆ ಬೀಳುತ್ತಿರಲಿಲ್ಲವೆ?" ಎಂದ. ಅಕ್ಕನ ಮಾತನ್ನು ಆಡಲು ಅದಕ್ಕಿಂತ ಒಳ್ಳೆಯ ಸಮಯ ಸಿಕ್ಕುತ್ತಿರಲಿಲ್ಲ. ನಾಲಗೆಯ ತುದಿಗೆ ಬಂದಿತ್ತು. ಆದರೆ ನಾನು ಕೇಳಿದ್ದು ಬೇರೆ: "ನಿಮ್ಮ ಅಪ್ಪನ ಸ್ಕೂಟರು ಯಾವ ಇಸವಿಯದೆಂದು ನಿನಗೆ ಗೊತ್ತೆ?" ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಮಾರನೆಯ ಬೆಳಿಗ್ಗೆ ಆ ಕಾಗದವನ್ನು ಪಟ್ಟಿಯಿಂದ ತೆಗೆದಿಟ್ಟಿದ್ದ.

ನಡುವೆ ನೋಡಿದ ಎರಡು ಮೂರನ್ನು ವರ್ಣಿಸುವ ಅಗತ್ಯವಿಲ್ಲ. ಒಂದು ಕಡಲ ತೀರದ ಊರಿನಿಂದ ಬಂದದ್ದು. ರಿವೆಟ್ಟುಗಳ ಸುತ್ತ ಬೂದಿಯಂಥ ಬಿಳಿಯ ಪುಡಿ. ಅಲ್ಯೂಮಿನಿಯಮ್ಮಿನ ತುಕ್ಕು ಕೆಂಪಗಿರುವುದಿಲ್ಲವೆಂದು ಆ ದಿನ ತಿಳಿದುಕೊಂಡೆ. ಇನ್ನೊಂದರಲ್ಲಿ ಇಲಿಗಳ ಸಂಸಾರ. ಇಲಿಯ ಮೂತ್ರ ಈ ಲೋಹವನ್ನು ತಿಂದುಹಾಕುತ್ತದಂತೆ. ನಮ್ಮಲ್ಲಿ ಓಲೆಗರಿಗೆ ಗೆದ್ದಲು, ಅಲ್ಲಿ ವಿಮಾನಕ್ಕೆ ಇಲಿ.

ಮೂರನೆಯ ವಾರ ನೋಡಿದ್ದು 1975ರ ಮಾದರಿ. ಒಂದು ತರಬೇತಿ ಶಾಲೆಯಲ್ಲಿ ದುಡಿದು ದುಡಿದು ಸೋತದ್ದು. ಕೆನೆಬಣ್ಣ, ಅದರ ಮೇಲೆ ಮಾಸಿದ ಕಂದು ಪಟ್ಟೆ. ರೆಕ್ಕೆಯ ಮೇಲೆಲ್ಲ ಆಲಿಕಲ್ಲಿನ ಸಣ್ಣ ಸಣ್ಣ ಕುಳಿಗಳು, ಸಿಡುಬಿನ ಕಲೆಯಂತೆ. ಒಟ್ಟು ಹಾರಿದ್ದು 9,400 ಗಂಟೆ. ಮೊದಲು ನೋಡಿದ ಸುಂದರಿಯ ಎರಡರಷ್ಟಕ್ಕೂ ಮಿಕ್ಕು. ಹುಡುಗ ಮುಖ ಸಣ್ಣದು ಮಾಡಿದ. ನಾನು ಪುಸ್ತಕ ಕೇಳಿದೆ. ಒಂದು ರಟ್ಟಿನ ಪೆಟ್ಟಿಗೆಯೇ ಬಂದಿತು.

ಹಾರಾಟಕ್ಕೆ ಯೋಗ್ಯವೆಂಬ ಮೊದಲ ಪ್ರಮಾಣಪತ್ರದ ದಿನಾಂಕ 1974ರ ನವೆಂಬರ್. "ಇದೇನು, 1975ರದು ಎನ್ನುತ್ತಾರಲ್ಲ?" ಎಂದು ಅವನಿಗೆ ಅನುಮಾನ. ನನಗೆ ಆಗಲಿಲ್ಲ. ಮೋಟಾರು ಕಾರಿನವರಂತೆ ಇವರೂ ಮುಂದಿನ ವರ್ಷದ ಮಾದರಿಯನ್ನು ಹಿಂದಿನ ವರ್ಷದ ಶರತ್ಕಾಲಕ್ಕೇ ಮಾಡತೊಡಗುತ್ತಾರೆ. ನಮ್ಮ ಸಂವತ್ಸರ ಜನವರಿಗೆ ಹುಟ್ಟುತ್ತದೆಯೆ? ಶಾಸನದ ಶಕವರ್ಷ ಗತವೋ ವರ್ತಮಾನವೋ ಎಂದು ಎಷ್ಟು ವಿದ್ವಾಂಸರು ಜಗಳವಾಡಿಲ್ಲ! ವಿಮಾನದ ಯಾವ ಮಾದರಿ ಎಂಬುದಕ್ಕೆ ಸಾಕ್ಷಿ ಅದರ ಕ್ರಮಸಂಖ್ಯೆ, ತಾರೀಖಲ್ಲ.

ಪೆಟ್ಟಿಗೆಯಲ್ಲಿದ್ದುದನ್ನು ಓದಲು ಒಂದು ಇಡೀ ಮಧ್ಯಾಹ್ನ ಬೇಕಾಯಿತು. ಒಂದು ವರ್ಷವೂ ತಪ್ಪಿಲ್ಲ. ಹನ್ನೊಂದು ಜನ ಮೆಕ್ಯಾನಿಕ್ಕುಗಳ ಕೈ. ಒಬ್ಬರದು ಮುತ್ತು ಪೋಣಿಸಿದಂತೆ, ಒಬ್ಬರದು ಕಾಗೆಯ ಕಾಲು. 1983ರಲ್ಲಿ ಒಬ್ಬ ಶಿಷ್ಯ ಜೋರಾಗಿ ಇಳಿಸಿ ಮುಂಗಾಲನ್ನು ಮುರಿದಿದ್ದ. ಪ್ರೊಪೆಲ್ಲರ್ ಬಾಗಿತು, ಎಂಜಿನನ್ನು ಬಿಚ್ಚಿ ನೋಡಿದರು, ಎಂಜಿನಿನ ಹಿಂದಿನ ತಗಡಿನ ಗೋಡೆಯನ್ನು ಬದಲಾಯಿಸಿದರು: ಎಲ್ಲವೂ ಬರೆದಿದೆ, 337ರ ಪ್ರತಿಯೂ ಇದೆ. ಸೆಸ್ನಾಗಳಲ್ಲಿ ಆಸನ ತನ್ನ ಹಳಿಯ ಮೇಲೆ ಹಿಡಿತ ತಪ್ಪಿ ನೆಲಬಿಡುವ ಹೊತ್ತಿನಲ್ಲಿ ಹಿಂದಕ್ಕೆ ಜಾರಿ ಚಾಲಕನ ಕೈಗೆ ಚಕ್ರವೇ ಸಿಗದಂತಾದ ಪ್ರಸಂಗಗಳು ನಡೆದುದರಿಂದ, 1987ರಲ್ಲಿ ಆ ಹಳಿಗಳ ತಪಾಸಣೆಗೆ ಸರಕಾರದ ಆಜ್ಞೆಯಾಯಿತು. ಅಂದಿನಿಂದ ತಪಾಸಣೆ ನಡೆದುಬಂದ ಬರಹವಿದೆ. ಸುಳಿಹಾರಾಟದಲ್ಲಿ ಚುಕ್ಕಾಣಿ ಮಿತಿಮೀರಿ ತಿರುಗಿ ಸಿಕ್ಕಿಕೊಳ್ಳದಂತೆ ತಡೆ ಹಾಕಿಸಬೇಕೆಂಬ 2009ರ ಆಜ್ಞೆಗೂ ರುಜು ಇದೆ.

"ಇದು ಅಪಘಾತವಾದ ವಿಮಾನ ಮಾಮ" ಎಂದ.

"ಅದೂ ಆದದ್ದೇ. ಇದು ಹೇಳಿಕೊಂಡಿದೆ, ಅದು ಹೇಳಿಕೊಂಡಿಲ್ಲ" ಎಂದೆ.

ಮಾರುವವರಿಗೆ ಸಂಬಂಧವಿಲ್ಲದ ಒಬ್ಬ ವೃದ್ಧ ಮೆಕ್ಯಾನಿಕ್ಕನ್ನು ಅವನು ಕೂಲಿ ಕೊಟ್ಟು ಕರೆತಂದ. ಆತ ಒಂದು ದಿನವೆಲ್ಲ ತಗಡು ಮುಚ್ಚಳಗಳನ್ನು ಬಿಚ್ಚಿ, ದೀಪ ಹಿಡಿದು ಬಾಲದೊಳಗೆ ತಲೆ ಹಾಕಿ, ನಾಲ್ಕು ಸಿಲಿಂಡರುಗಳಿಗೂ ಗಾಳಿ ತುಂಬಿ ಸೋರುವುದನ್ನು ಅಳೆದ. 80ಕ್ಕೆ 74, 72, 76, 70. ಸಾಧಾರಣ ಆರೋಗ್ಯ. ಬಿಚ್ಚಿದ ಪ್ಲಗ್ಗಿನಿಂದ ಸೀಸದ ಎರಡು ಕಾಳುಗಳನ್ನು ಉದುರಿಸಿ ನನ್ನ ಅಂಗೈಯಲ್ಲಿಟ್ಟ. ನಾನು ಒಂದು ಪ್ರಶ್ನೆ ಕೇಳಲು ಅಪ್ಪಣೆ ಬೇಡಿ, ಬ್ರೇಕನ್ನು ಬಿಚ್ಚಿ ನೋಡಬಹುದೆ ಎಂದೆ. ಆತ ವಿಚಿತ್ರವಾಗಿ ನೋಡಿದ; ವಿಮಾನ ಕೊಳ್ಳುವವರು ಸಾಮಾನ್ಯವಾಗಿ ಎಂಜಿನಿನ ಚಿಂತೆ ಮಾಡುತ್ತಾರೆ. ಬಿಚ್ಚಿದ. ಎಡಚಕ್ರದ ಬ್ರೇಕಿನ ತಟ್ಟೆ ಮಿತಿಗಿಂತ ತೆಳ್ಳಗಾಗಿತ್ತು. ಬದಲಾಯಿಸಿ ಪುಸ್ತಕದಲ್ಲಿ ಬರೆದು ಕೊಡಬೇಕೆಂಬ ಕರಾರಿನ ಮೇಲೆ ವ್ಯಾಪಾರ ಮುಗಿಯಿತು.

ನಾನು ಹೊರಡುವ ಹಿಂದಿನ ದಿನ ಅವನು ನನ್ನನ್ನು ಕೂರಿಸಿಕೊಂಡು ಹಾರಿದ. ಹಾರುವ ಮೊದಲು ತಕ್ಕಡಿಯ ಲೆಕ್ಕ: ವಿಮಾನ ಎಲ್ಲ ಸೇರಿ 1,600 ಪೌಂಡು ಮೀರಬಾರದು, ತನ್ನ ಸ್ವಂತ ತೂಕವೇ ಸುಮಾರು 1,100. ತೊಟ್ಟಿ ತುಂಬಿಸಿದರೆ ಪೆಟ್ರೋಲಿಗೆ ನೂರೈವತ್ತಕ್ಕೂ ಮೇಲೆ. ಉಳಿದದ್ದರಲ್ಲಿ ಮಾವ ಅಳಿಯ ಇಬ್ಬರೂ. ನನ್ನ ದೆಸೆಯಿಂದ ಪೆಟ್ರೋಲನ್ನು ಕಡಿಮೆ ಮಾಡಬೇಕಾಯಿತೆಂದು ಅವನು ಬಹಳ ವಿನಯದಿಂದ ತಿಳಿಸಿದ. ಭುಜಕ್ಕೆ ಭುಜ ಒತ್ತಿ ಕುಳಿತೆವು. ಗೋದಿಯ ಹೊಲ ಕೆಳಗೆ ಚಾಪೆಯಂತೆ ಹಾಸಿಕೊಂಡಿತು. ಎರಡು ಬಾರಿ ಇಳಿದು ಏರಿದ. ಮೂರನೆಯ ಬಾರಿ ಇಳಿದು ನಿಲ್ಲಿಸಿದ. ನಾನು ಅವನ ಕಾಲುಗಳನ್ನೇ ನೋಡುತ್ತಿದ್ದೆ.

ರಾತ್ರಿ ಅಕ್ಕನಿಗೆ ಫೋನು ಮಾಡಿದೆವು. ಅಲ್ಲಿ ಬೆಳಗಿನ ಕಾಫಿಯ ಹೊತ್ತು. ಹುಡುಗನೇ ಎಲ್ಲವನ್ನೂ ಹೇಳಿದ. ನಾನು ಪಕ್ಕದಲ್ಲಿ ತಪ್ಪಿತಸ್ಥನಂತೆ ಕುಳಿತಿದ್ದೆ. ಅವನು ಇಸವಿ ಹೇಳಿದಾಗ ಆ ಕಡೆ ಬಹಳ ಹೊತ್ತು ಮಾತಿಲ್ಲ.

"ಅವನಿಗೆ ಕೊಡು" ಎಂದಳು. ನಾನು ತೆಗೆದುಕೊಂಡೆ.

"ಬ್ರೇಕು ನೋಡಿದಿರೇನೋ?"

"ಬಿಚ್ಚಿಸಿ ನೋಡಿದೆ ಅಕ್ಕ. ಎಡಗಡೆಯದನ್ನು ಹೊಸದು ಹಾಕಿಸಿದ್ದೇವೆ."

"ಬರೆದುಕೊಟ್ಟಿದ್ದಾರೆಯೆ?"

"ಬರೆದು ರುಜು ಹಾಕಿದ್ದಾರೆ."

"ಅದನ್ನು ಓದು" ಎಂದಳು. ಹುಡುಗ ಎದ್ದು ಹೋಗಿ ಪುಸ್ತಕವನ್ನು ತಂದ.